ಬಾಲಬಾನನ ಹೆಬ್ಬೆರಳು

ಕಿರ್ಶೆಹಿರ್ ಊರಿನ ಹೊಳೆದಂಡೆಯಲ್ಲಿ ನನ್ನ ಸುಣ್ಣದ ಗುಂಡಿಯಿಂದ ಆರು ಹೆಜ್ಜೆ ದೂರಕ್ಕೆ ಬಾಲಬಾನನ ಗುಂಡಿ. ಮೂವತ್ತೊಂದು ವರ್ಷ ಇಬ್ಬರೂ ಅಲ್ಲಿ ತೊಗಲು ಹದ ಮಾಡಿದೆವು. ಕಸುಬುದಾರರ ನಮ್ಮ ಅಖಿ ಬಳಗದಲ್ಲಿ ಕಸುಬೇ ಧ್ಯಾನ. ತೊಗಲನ್ನು ಒಮ್ಮೆ ಹಿಂಡಿದರೆ ಒಮ್ಮೆ ದೇವರ ಹೆಸರು. ಬಳಗದ ಗುರುಗಳಾದ ಶೇಖರು ಸೊಂಟಕ್ಕೆ ಪಟ್ಟಿ ಕಟ್ಟಿದರೆಂದರೆ ಸಾಯುವತನಕ ಅದೊಂದೇ ಕಸುಬು. ಪಟ್ಟಿ ಕಳೆದುಕೊಂಡವನಿಗೆ ಇನ್ನೊಂದನ್ನು ಕಟ್ಟುವುದಿಲ್ಲ, ಅವನು ಮತ್ತೆ ಕಸುಬು ಮುಟ್ಟುವಂತಿಲ್ಲ.

ಊರಿನ ತೊಗಲೆಲ್ಲ ಬಾಲಬಾನನ ಹೆಬ್ಬೆರಳ ಕೆಳಗೆ ಹಾದು ಬರಬೇಕಿತ್ತು. ಹದ ಒಳಗಿನವರೆಗೂ ಇಳಿದಿದೆಯೇ ಎಂದು ಅವನು ಒತ್ತಿ ನೋಡಿ ಮುದ್ರೆ ಹಾಕಿದ್ದನ್ನಷ್ಟೇ ಜೋಡು ಹೊಲಿಯುವವರು ಕೊಳ್ಳುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಒಂದು ದಿನ ಅವನು ಕುದಿಯುವ ಹಂಡೆಯ ಅಂಚು ಹಿಡಿದು ನಿಂತಿದ್ದ.

"ಏನೋ, ಸುಡ್ತಿಲ್ವಾ?"

ತಟ್ಟನೆ ಕೈ ಎಳೆದುಕೊಂಡ. "ನಿನ್ನ ಹೆಂಡ್ತಿ ಬಾಯಿಗಿಂತ ತಣ್ಣಗಿದೆ ಬಿಡು."

ಇಬ್ಬರೂ ನಕ್ಕೆವು. ನಾನು ಮತ್ತೆ ಕೇಳಲಿಲ್ಲ. ಅದು ನನ್ನ ತಪ್ಪು.

ವಸಂತದಲ್ಲಿ ಯಾಹ್ಶಿ ಎಂಬವನು ಹೊಲಿದ ಜೋಡಿನ ಅಟ್ಟೆ ಒಂಬತ್ತೇ ದಿನಕ್ಕೆ ಸೀಳಿತು. ತೊಗಲಿನ ಮೇಲೆ ಬಾಲಬಾನನ ಮುದ್ರೆಯಿದ್ದುದರಿಂದ ಬಳಗದವರು ದೋಷ ಹೊಲಿದವನದೇ ಎಂದರು. ಜೋಡನ್ನು ಯಾಹ್ಶಿಯ ಅಂಗಡಿಯ ಮಾಡಿನ ಮೇಲೆ ಎಸೆದರು. ಹಾಗೆ ಜೋಡು ಬಿದ್ದ ಅಂಗಡಿಗೆ ನಮ್ಮಲ್ಲಿ ಯಾರೂ ಕಾಲಿಡುವುದಿಲ್ಲ.

ಮರುದಿನ ಬಾಲಬಾನ ಏಣಿ ಹಾಕಿ ಆ ಜೋಡನ್ನು ಇಳಿಸಿ ನನ್ನೆದುರು ಹಿಡಿದ. ಸೀಳಿನ ನಡುವೆ ಬಿಳಿಯ ಗೆರೆ. ಹದ ಒಳಕ್ಕೆ ಇಳಿದೇ ಇರಲಿಲ್ಲ.

"ಹೊಲಿಗೆ ಒಂದೂ ಬಿಚ್ಚಿಲ್ಲ ಕಣೋ. ತೊಗಲೇ ಹಸಿ. ಮುದ್ರೆ ನಂದು."

"ಸುಮ್ನಿರು ಮಾರಾಯ. ಈ ವಯಸ್ಸಲ್ಲಿ ಪಟ್ಟಿ ಹೋದ್ರೆ ಏನ್ ಮಾಡ್ತೀಯ?"

"ಯಾಹ್ಶಿಗೆ ಇನ್ನೂ ಇಪ್ಪತ್ತಾರು. ಅವನೇನ್ ಮಾಡ್ತಾನೆ?"

ಶುಕ್ರವಾರದ ಸಭೆಯಲ್ಲಿ ಅವನು ಯಾಹ್ಶಿಯ ದಬ್ಬಣವನ್ನೇ ಇಸಿದುಕೊಂಡು ತನ್ನ ಹೆಬ್ಬೆರಳಿಗೆ ಚುಚ್ಚಿದ. ರಕ್ತ ಬಂತು. ಮುಖ ಅಲುಗಲಿಲ್ಲ.

"ಸುಣ್ಣ ತಿಂದು ಬೆರಳು ಸತ್ತಿದೆ ಬಾಬಾ, ಒತ್ತಿದ್ರೆ ಏನೂ ತಿಳಿಯಲ್ಲ. ಮೂರು ತಿಂಗಳಾಯ್ತು."

"ಯಾಕೆ ಮುಚ್ಚಿಟ್ಟೆ, ಮಗಾ?" ಎಂದರು ಶೇಖರು.

"ತೊಗಲು ಹಿಂಡದೆ ದೇವರನ್ನ ಕರೆಯೋಕೆ ನಂಗೆ ಬರಲ್ಲ."

ಶೇಖರಿಗೆ ಅವನ ಪಟ್ಟಿಯ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಯಾಹ್ಶಿ ಗೋಡೆಯ ಕಡೆ ತಿರುಗಿ ಅತ್ತ.

ಯಾಹ್ಶಿಯ ಅಂಗಡಿಗೆ ಜನ ಮರಳಿದರು. ಬಾಲಬಾನನಿಗೆ ಬಳಗದ ಅಡುಗೆಮನೆಯಿಂದ ಎರಡು ಹೊತ್ತು ಗೋಧಿಗಂಜಿ ಹೋಗುತ್ತದೆ. ಮಧ್ಯಾಹ್ನ ಹೊಳೆಗೆ ಬಂದು ಕಲ್ಲಿನ ಮೇಲೆ ಕೂರುತ್ತಾನೆ. ಒಮ್ಮೆ ಒದ್ದೆ ತೊಗಲಿನ ತುದಿಯನ್ನು ಅವನ ಕಡೆ ಚಾಚಿದೆ.

"ಒಂದ್ಸಲ ಹಿಂಡೋ. ಯಾರೂ ನೋಡ್ತಿಲ್ಲ."

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನೀನು ಹಿಂಡು. ನಾನು ಕೇಳ್ತೀನಿ."

ಕತ್ತಲಾಗುವವರೆಗೆ ಹಿಂಡಿದೆ, ಪ್ರತಿ ಸಲವೂ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ದೇವರ ಹೆಸರು ಹೇಳುತ್ತ. ಅವನ ತುಟಿ ಒಮ್ಮೆಯೂ ಅಲುಗಲಿಲ್ಲ.