ಬೀಜಿಂಗಿನ ಓಣಿಗಳಲ್ಲಿ ಗೊತ್ತಿದ್ದ ದಾರಿ

ಇಂಥದ್ದನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ‘ಈ ಜಾಗ ನಾನು ಮೊದಲೇ ನೋಡಿದ್ದೆ ಅನ್ನಿಸಿತು’ ಎಂದು ಯಾರಾದರೂ ಅಂದರೆ, ಅದು ಮೆದುಳು ಮಾಡುವ ಮೋಸ ಎಂದು ಅವರಿಗೆ ಬೇಸರ ಬರುವಷ್ಟು ವಿವರಿಸುತ್ತಿದ್ದೆ. ಈಗ ನನಗೇ ಆದದ್ದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ, ಕೊಟ್ಟೂರಿನಲ್ಲಿರುವ ನನ್ನ ತಂಗಿ ಶಾಂತಾಳ ಜೊತೆ ಚೀನಾ ಪ್ರವಾಸಕ್ಕೆ ಹೋಗಿದ್ದೆ. ಗುಂಪಿನಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ. ಇದು ನಡೆದ ದಿನ ಬೆಳಿಗ್ಗೆ ಮಹಾಗೋಡೆ ನೋಡಿದೆವು. ಮೊಣಕಾಲು ನೋವಿದ್ದ ಶಾಂತಾ ಕೆಳಗೇ ಕೂತಿರಲಿ ಎಂದು ಎಲ್ಲರೂ ಹೇಳಿದರು. ಅವಳು ಸೆರಗು ಬಿಗಿದು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬುರುಜು ಮುಟ್ಟಿಯೇ ಬಿಟ್ಟಳು. ಕೆಳಗೆ ಕೂತವರು ಬೇರೆಯವರು.

ಮಧ್ಯಾಹ್ನ ಹಳೇ ಬೀಜಿಂಗಿನಲ್ಲಿ ಖರೀದಿಗೆ ಬಿಟ್ಟರು. ಒಂದು ಅಂಗಡಿಯಲ್ಲಿ ಶಾಂತಾ ರೇಷ್ಮೆ ಶಾಲು ಹಿಡಿದು ಅಪ್ಪಟ ಕೊಟ್ಟೂರಿನ ಮಾತಿನಲ್ಲೇ ಚೌಕಾಸಿಗೆ ಇಳಿದಳು. ಅಂಗಡಿಯಾಕೆ ಚೀನೀ ಭಾಷೆಯಲ್ಲಿ ವಾದಿಸಿದಳು. ಕಡೆಗೆ ಇಬ್ಬರೂ ನಕ್ಕರು, ಶಾಲು ಶಾಂತಾಳ ಚೀಲ ಸೇರಿತು. ಇದನ್ನೆಲ್ಲ ನೋಡುತ್ತ ನಿಂತ ನಾವು ಗುಂಪಿನಿಂದ ತಪ್ಪಿಸಿಕೊಂಡಿದ್ದೆವು. ನಾವೆಂದರೆ ನಾನು, ಶಾಂತಾ, ಮತ್ತು ಹರಪನಹಳ್ಳಿಯ ಬೀಜದ ವ್ಯಾಪಾರಿ ಬಸವರಾಜಪ್ಪ.

ದಾರಿ ತನಗೆ ಗೊತ್ತು ಎಂದು ಬಸವರಾಜಪ್ಪ ಮುಂದೆ ನಡೆದರು. ಒಂದು ಓಣಿ, ಅದರೊಳಗೆ ಇನ್ನೊಂದು. ಎಲ್ಲಿ ನೋಡಿದರೂ ಬೂದು ಬಣ್ಣದ ಗೋಡೆ, ಕೆಂಪು ಬಾಗಿಲು. ಫೋನಿನಲ್ಲಿ ನಕ್ಷೆ ತೆರೆಯಲಿಲ್ಲ, ಟೂರ್ ಮ್ಯಾನೇಜರಿಗೆ ಕರೆಯೂ ಹೋಗಲಿಲ್ಲ. ನಮ್ಮ ಇಡೀ ಗುಂಪಿಗೆ ಸೇರಿ ಒಂದೇ ವೀಸಾ, ಅದು ಆ ಮ್ಯಾನೇಜರ್ ಕೈಯಲ್ಲಿ. ಸಂಜೆ ಮುಂದಿನ ಊರಾದ ಶಿಯಾನ್‌ಗೆ ರೈಲು. ಬಸ್ಸು ತಪ್ಪಿದರೆ ಭಾಷೆ ಬಾರದ ಊರಿನಲ್ಲಿ ನಾವು ಮೂವರೇ. ಅಷ್ಟು ಜೋರಿದ್ದ ಶಾಂತಾ ನನ್ನ ಕೈ ಹಿಡಿದುಕೊಂಡಳು.

ಒಂದು ಕಡೆ, ಮೂರು ದಾರಿ ಕೂಡುವಲ್ಲಿ, ಬಸವರಾಜಪ್ಪ ನೇರ ಹೊರಟರು. ನನ್ನ ಬಾಯಿಂದ ಮಾತು ತಾನಾಗಿಯೇ ಬಂತು: “ಆ ಕಡೆ ಹೋಗಬ್ಯಾಡ್ರಿ. ಮುಂದ ಗೋಡೆ ಐತಿ.”

ಅವರು ನಂಬದೆ ತಿರುವಿನ ತನಕ ಹೋಗಿ ನೋಡಿ ಬಂದರು. “ಗೋಡೆ ಐತ್ರಿ ಮೇಡಂ,” ಎಂದರು ಮೆಲ್ಲಗೆ.

ಎಡಕ್ಕೆ ತಿರುಗಿದರೆ ಮುಂದೆ ಒಂದು ದಾಳಿಂಬೆ ಗಿಡ, ಅದರಾಚೆ ನೀಲಿ ಬಾಗಿಲು ಸಿಗುತ್ತದೆ ಎಂದು ಹೇಳಿದೆ. ಹೇಳುವಾಗ ನನಗೆ ಆಶ್ಚರ್ಯವೂ ಆಗಲಿಲ್ಲ, ನಮ್ಮೂರ ಬಸ್ ಸ್ಟ್ಯಾಂಡಿನ ದಾರಿ ಹೇಳಿದ ಹಾಗಿತ್ತು. ತಿರುಗಿದೆವು. ಗಿಡವಿತ್ತು, ಕಾಯಿ ಬಿಟ್ಟಿತ್ತು. ನೀಲಿ ಬಾಗಿಲೂ ಇತ್ತು. ನಾನು ಮುಂದೆ, ಅವರಿಬ್ಬರು ಹಿಂದೆ. ಎಲ್ಲೂ ನಿಲ್ಲದೆ, ಯಾರನ್ನೂ ಕೇಳದೆ ನಡೆದೆ. ಕಡೆಯ ತಿರುವು ದಾಟಿದಾಗ ದೊಡ್ಡ ರಸ್ತೆ, ಅದರ ಆಚೆ ನಮ್ಮ ಬಸ್ಸು.

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಕಣ್ಣೊರೆಸಿಕೊಂಡ. ಬಸ್ಸಿನೊಳಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಬಸವರಾಜಪ್ಪ ನಡೆದದ್ದನ್ನೆಲ್ಲ ಹೇಳಿ, ಇನ್ನು ಮುಂದೆ ಮೇಡಂ ಹಿಂದೆಯೇ ನಡೆಯುವುದು ಎಂದು ಸಾರಿದರು. ಉಳಿದ ಪ್ರವಾಸವಿಡೀ ನಾನೇ ಲೀಡರ್. ನನಗೂ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಕಾರಣ ಹುಡುಕಿದೆ. ಬೆಳಿಗ್ಗೆ ಬಸ್ಸು ಆ ದಾರಿಯಲ್ಲಿ ಬಂದಿತ್ತೇ ಎಂದು ಬೀಜಿಂಗಿನಲ್ಲಿ ನಮ್ಮ ಜೊತೆಗಿದ್ದ ಗೈಡ್ ಹುಡುಗಿಯನ್ನು ಕೇಳಿದೆ. ಆ ಓಣಿಗಳಲ್ಲಿ ಬಸ್ಸು ಹಿಡಿಸುವುದೇ ಇಲ್ಲ ಎಂದಳು. ಟಿವಿಯಲ್ಲಿ ನೋಡಿರಬಹುದು ಎಂದುಕೊಂಡೆ. ಆದರೆ ಟಿವಿಯಲ್ಲಿ ಯಾರು ತಿರುವು ತಿರುವು ತೋರಿಸುತ್ತಾರೆ?

ಊರಿಗೆ ಬಂದ ಮೇಲೆ ಶಾಂತಾ ಕೊಟ್ಟೂರಿನ ತನ್ನ ಓಣಿಗೆಲ್ಲ ಈ ಕಥೆ ಹೇಳಿದಳು. ಒಂದು ಸಂಗತಿಯನ್ನು ಮಾತ್ರ ನಾವಿಬ್ಬರೇ ಇದ್ದಾಗ ಕೇಳಿದಳು.

“ಅಕ್ಕಾ, ಆ ನೀಲಿ ಬಾಗ್ಲ ದಾಟಿದ ಮ್ಯಾಲ ನೀನು ತಲಿ ಬಗ್ಗಿಸಿ ಹೋದಿ. ಯಾಕ?”

ಏನಾದರೂ ಅಡ್ಡ ಇತ್ತೇನೋ ಎಂದೆ.

“ಏನೂ ಇರಲಿಲ್ಲ. ಮ್ಯಾಲ ಬರೇ ಆಕಾಶ. ಸಣ್ಣ ಬಾಗ್ಲದಾಗ ಬಗ್ಗಿ ಹೋಗ್ತಾರಲ್ಲ, ಹಂಗ ಹೋದಿ.”

ಬಗ್ಗಿದ ನೆನಪು ನನಗೆ ಇಂದಿಗೂ ಇಲ್ಲ. ಆದರೆ ಅಷ್ಟು ಹೊತ್ತು ಆ ಓಣಿಗಳಲ್ಲಿ ನಡೆದರೂ, ಪರದೇಶದಲ್ಲಿದ್ದೇನೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.