ಬೇಡಮ್ಮನ ಅಣ್ಣನಿಗೆ ಬಂದ ಜ್ವರ

ಆ ಆಸ್ಪತ್ರೆಯಲ್ಲಿ ಡಾಕ್ಟರಮ್ಮನಿಗೆ ‘ಬೇಡಮ್ಮ’ ಎಂದೇ ಹೆಸರು ಬಿದ್ದಿತ್ತು. ಬೆಳಗಿನ ರೌಂಡ್ಸಿಗೆ ಬಂದಳೆಂದರೆ ಪ್ರತಿ ಹಾಸಿಗೆಯ ಮುಂದೂ ಅದೇ ಪ್ರಶ್ನೆ: "ಈ ಆ್ಯಂಟಿಬಯಾಟಿಕ್ ಯಾಕೆ?" ಸರಿಯಾದ ಉತ್ತರ ಬರದಿದ್ದರೆ ಪೆನ್ನು ತೆಗೆದು ಗೀಟು ಎಳೆದುಬಿಡುತ್ತಿದ್ದಳು. ಅವಳನ್ನು ನೇಮಿಸಿದ್ದೇ ಅದಕ್ಕೆ. ಆದರೆ ನೇಮಿಸಿದವರಿಗೇ ಅವಳನ್ನು ಕಂಡರಾಗದು!

ರೋಗಿಗಳ ಕಡೆಯವರಂತೂ ತಪ್ಪದೆ ಒಂದು ಮಾತು ಎಸೆಯುತ್ತಿದ್ದರು: "ನಿಮ್ಮ ಮನೆಯವ್ರಾಗಿದ್ರೆ ಹೀಗೆ ಬೇಡ ಅಂತಿದ್ರಾ ಮೇಡಂ?" ಎಲ್ಲಕ್ಕೂ ಪಟಪಟ ಉತ್ತರ ಕೊಡುವವಳಿಗೆ ಇದೊಂದಕ್ಕೆ ಮಾತ್ರ ಬಾಯಿ ಕಟ್ಟುತ್ತಿತ್ತು.

ಹೀಗಿರುವಾಗ ಅವಳ ಸ್ವಂತ ಅಣ್ಣನೇ ಜ್ವರದಿಂದ ಬಂದು ಮಲಗಿದ. ದೊಡ್ಡ ಡಾಕ್ಟರು, ‘ನಮ್ಮವರ ಮನೆಯವರು’ ಎಂಬ ಅಕ್ಕರೆಗೆ, ಬೀರುವಿನಲ್ಲಿ ಬೀಗ ಹಾಕಿಟ್ಟ ಇಂಜೆಕ್ಷನ್ನನ್ನೇ ಬರೆದಿದ್ದರು. ಬೇರೆ ಯಾವ ಔಷಧಿಗೂ ಬಗ್ಗದ ಸೋಂಕಿಗೆಂದು ಉಳಿಸಿಟ್ಟದ್ದು ಅದು. ಮರ್ಯಾದೆ ಮಾಡಲು ಅವರಿಗೆ ಬೇರೇನೂ ಸಿಗಲಿಲ್ಲ ನೋಡಿ! ಒಂದು ಲೋಟ ಕಾಫಿ ಕೊಟ್ಟಿದ್ದರೆ ಸಾಲುತ್ತಿರಲಿಲ್ಲವೇ?

ಅವಳು ಅಣ್ಣನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದಳು, ಗಂಟಲು ನೋಡಿದಳು, ರಕ್ತಪರೀಕ್ಷೆಯ ವರದಿ ಓದಿದಳು. ವೈರಸ್ ಜ್ವರವೇ. ಆ ಇಂಜೆಕ್ಷನ್ ವೈರಸ್ಸಿನ ಕೂದಲೂ ಕೊಂಕಿಸದು. ಪೆನ್ನು ತೆಗೆದಳು. ಕೈ ಒಂದು ಗಳಿಗೆ ನಿಂತಿತು, ಅಣ್ಣ ಅಲ್ಲವೇ? ಆಮೇಲೆ ಗೀಟು ಎಳೆದಳು.

ಅತ್ತಿಗೆ ಕೆಂಡವಾದರು. "ದೊಡ್ಡ ಡಾಕ್ಟ್ರು ಬರೆದದ್ದನ್ನ ಹೊಡೆದು ಹಾಕ್ತೀಯಲ್ಲೇ! ಒಡಹುಟ್ಟಿದವರು ಕಣೇ. ಕರುಳಿಲ್ವಾ ನಿಂಗೆ?"

"ಕರುಳಿರೋದಕ್ಕೇ ಅತ್ತಿಗೆ. ಸುಮ್‌ಸುಮ್ನೆ ಕೊಟ್ರೆ ಮೈಯೊಳಗಿರೋ ಕ್ರಿಮಿಗಳು ಇದನ್ನ ಅರಗಿಸ್ಕೊಳ್ಳೋದು ಕಲಿತುಬಿಡ್ತಾವೆ. ನಾಳೆ ನಿಜವಾಗ್ಲೂ ಬೇಕಾದಾಗ ಅಣ್ಣಂಗೆ ಏನು ಕೊಡ್ಲಿ?"

ವಿಷಯ ತಿಳಿದು ದೊಡ್ಡ ಡಾಕ್ಟರು ಬಂದರು. "ಹೆಚ್ಚುಕಮ್ಮಿ ಆದ್ರೆ ನಿಮ್ಮ ತಲೆಗೇ ಬರುತ್ತೆ."

"ಬರ್ಲಿ ಸರ್. ಬೇಕು ಅನ್ನೋ ಲಕ್ಷಣ ಕಂಡ್ರೆ ನಾನೇ ಬರೀತೀನಿ. ಅಲ್ಲೀವರೆಗೆ ಆ ಬೀರು ತೆಗೆಸಲ್ಲ."

ಸಂಜೆಗೆ ಜ್ವರ ಇನ್ನಷ್ಟು ಏರಿತು. ಅತ್ತಿಗೆ ಅವಳೊಡನೆ ಮಾತು ಬಿಟ್ಟರು. ಅವಳು ಸ್ಟೂಲು ಎಳೆದುಕೊಂಡು ಅಣ್ಣನ ಪಕ್ಕದಲ್ಲೇ ಕೂತು, ಉಸಿರು ಗಮನಿಸುತ್ತಾ, ಗುಟುಕು ಗುಟುಕಾಗಿ ನೀರು ಕುಡಿಸಿದಳು. ಅಣ್ಣ ಅರೆಗಣ್ಣು ಬಿಟ್ಟು, "ಹಠಮಾರಿ, ಚಿಕ್ಕಂದಿನಿಂದ ಇದೇ ಆಯ್ತು ನಿಂದು" ಎಂದು ಗೊಣಗಿ ಮಗ್ಗುಲಾದ. ತನ್ನ ಲೆಕ್ಕ ತಪ್ಪಿದ್ದರೆ ಇವನೇ ಕೈತಪ್ಪಿ ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಆದರೂ ಪೆನ್ನು ಜೇಬಿನಿಂದ ಹೊರಗೆ ಬರಲಿಲ್ಲ.

ಮಾರನೆಯ ದಿನವೂ ಹಾಗೇ ಕಳೆಯಿತು. ಅದರ ಮರುದಿನ ಅಣ್ಣನ ಮೈ ಬೆವೆತು ಜ್ವರ ಇಳಿಯಿತು. ಹಸಿವು ಎಂದ.

ಅಣ್ಣ ಮನೆಗೆ ಹೊರಟ ದಿನ ಕಾರಿಡಾರಿನಲ್ಲಿ ಒಬ್ಬಾತ ಅವಳನ್ನು ಅಡ್ಡಗಟ್ಟಿ, ತಾಯಿಯ ನೆಗಡಿಗೆ ಜೋರು ಇಂಜೆಕ್ಷನ್ನೇ ಆಗಬೇಕೆಂದು ಪಟ್ಟು ಹಿಡಿದಿದ್ದ. ಕೊನೆಗೆ ಬಂದೇ ಬಂತು: "ನಿಮ್ಮ ಮನೆಯವ್ರಾಗಿದ್ರೆ ಹೀಗೆ ಬೇಡ ಅಂತಿದ್ರಾ ಮೇಡಂ?"

ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅತ್ತಿಗೆಯ ದನಿ ಕೇಳಿತು. ನಾದಿನಿಯೊಡನೆ ಇನ್ನೂ ಮಾತಿರಲಿಲ್ಲವಾದ್ದರಿಂದ ನೇರ ಆತನಿಗೇ ಹೇಳಿದರು.

"ಅಂತಿದ್ಲಾ ಅಂತ ಏನ್ರೀ ಕೇಳ್ತೀರಿ? ಅಂದಿದ್ದಾಳೆ, ಮಹಾತಾಯಿ! ಒಡಹುಟ್ಟಿದ ಅಣ್ಣಂಗೇ ಕೊಡ್ಲಿಲ್ಲ. ಅಲ್ಲಿ ಬ್ಯಾಗು ಹೊತ್ಕೊಂಡು ಹೋಗ್ತಿದ್ದಾರಲ್ಲ, ಅವ್ರೇ."