ಮೂವತ್ತು ಎಸೆತ ತಾಳಿದ ಕೋಲು

ಡೆಲ್ಫಿಯಾ ರೇಕ್ಸ್ ಓಝಾರ್ಕ್ ಗುಡ್ಡದ ನಮ್ಮೂರಿನ ದಿನಸಿ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಮಾಂಸ ಕಡಿದವಳು. ದನದ ಪಕ್ಕೆ, ಹಂದಿಯ ತೊಡೆ ಎತ್ತಿ ಎತ್ತಿ ಅವಳ ಬಲಭುಜ ಸವೆದುಹೋಗಿತ್ತು. ಅವಳ ಅರವತ್ತೆಂಟನೇ ವಯಸ್ಸಿನ ಚಳಿಗಾಲದಲ್ಲಿ ಆ ಭುಜವನ್ನು ಕೊಯ್ದು ಹೊಲಿದ ಡಾಕ್ಟರು ಒಂದೇ ಮಾತು ಹೇಳಿದ್ದರು. ಇನ್ನು ಮೊಣಕೈ ಪಕ್ಕೆಯನ್ನು ಬಿಟ್ಟು ಮೇಲೆ ಏಳಕೂಡದು.

ಅವಳ ಗಂಡ ವೆಂಡೆಲ್ ಬದುಕಿದ್ದಷ್ಟು ಕಾಲ ಗಾಳಕ್ಕೆ ಜೀವಂತ ಸೀಗಡಿ ಚುಚ್ಚಿ ಬಾಸ್ ಮೀನು ಹಿಡಿದ. ಡೆಲ್ಫಿಯಾ ಮಾತ್ರ ನಲವತ್ತೆರಡನೇ ವಯಸ್ಸಿನಲ್ಲಿ, ಅವನು ಎಷ್ಟು ನಕ್ಕರೂ ಬಿಡದೆ, ಕೊಕ್ಕೆಗೆ ಗರಿ ಕೂದಲು ಕಟ್ಟಿ ಹುಸಿಸೀಗಡಿ ಮಾಡಿ ಅದನ್ನು ಉದ್ದನೆಯ ಕೋಲಿನಿಂದ ಬೀಸುವುದನ್ನು ತಾನಾಗಿಯೇ ಕಲಿತಳು. ಬುಧವಾರ ಅವಳ ರಜೆ. ಬುಧವಾರವೆಂದರೆ ಸ್ಪೈಸರ್ ತೊರೆ.

ಮೇ ತಿಂಗಳ ಎರಡನೇ ವಾರ ಅವಳ ಮೈದುನ ಆರ್ವಲ್ ತನ್ನ ಪಿಕಪ್ಪಿನ ಬಾಗಿಲನ್ನು ಆ ಕೋಲಿನ ಮೇಲೆ ಹಾಕಿದ. ಕೋಲು ಎರಡಾಯಿತು.

"ದೇವರೇ ದಾರಿ ತೋರಿಸ್ದ ಅಂದ್ಕೋ, ಡೆಲ್," ಎಂದ ಆರ್ವಲ್. "ಆ ಕೈ ಇಟ್ಕೊಂಡು ಇನ್ನೇನು ಬೀಸ್ತೀಯಾ? ಕಾಲ ತೆರೆಯೋ ಶನಿವಾರ ದಡದಲ್ಲಿ ಕೂತು ಆಲೂಗಡ್ಡೆ ಹುರಿ."

ಪ್ರತಿ ವರ್ಷ ಮೇ ತಿಂಗಳ ನಾಲ್ಕನೇ ಶನಿವಾರ ತೊರೆಯಲ್ಲಿ ಬಾಸ್ ಹಿಡಿಯುವ ಕಾಲ ತೆರೆಯುತ್ತದೆ. ರೇಕ್ಸ್ ಮನೆಯವರೆಲ್ಲ ಜಲ್ಲಿದಂಡೆಯಲ್ಲಿ ಸೇರುತ್ತಾರೆ. ಈ ವರ್ಷ ದಡದಲ್ಲಿ ಕೂತರೆ ಮತ್ತೆ ಏಳುವುದಿಲ್ಲವೆಂದು ಡೆಲ್ಫಿಯಾಗೆ ಗೊತ್ತಿತ್ತು. ಮೊಣಕೈ ಎತ್ತದೆ ಬೀಸಲು ಬರುವ ಕೋಲು ಸಿಗಬೇಕು. ಇಲ್ಲದಿದ್ದರೆ ತೊರೆಗಿಳಿಯುವುದು ಮುಗಿಯಿತು.

"ಮುರಿದೋನು ನೀನು. ಗಾಡಿ ಓಡ್ಸೋನೂ ನೀನೇ. ನಡಿ," ಎಂದಳು.

ತಗ್ಗು ಸೇತುವೆಯ ಪಕ್ಕ ಲೋವೆಲ್ ಪ್ರೂಯಿಟ್ ಗಾಳದ ಅಂಗಡಿ ಇಟ್ಟಿದ್ದಾನೆ, ದೋಣಿಯನ್ನೂ ಬಾಡಿಗೆಗೆ ಕೊಡುತ್ತಾನೆ. ಅವಳ ಭುಜದ ಕತೆ ಕೇಳಿ ಅವನು ಎಲ್ಲಕ್ಕಿಂತ ಹಗುರವಾದ ನಾಲ್ಕನೇ ನಂಬರಿನ ಕೋಲು ತಂದ. ನಂಬರು ಏರಿದಷ್ಟೂ ಕೋಲು ಬಿರುಸು.

"ಗರಿ ಇದ್ದಂಗಿದೆ, ಮಿಸ್ ಡೆಲ್ಫಿ. ಹಿಡಿದ್ರೆ ಕೈಲಿದೆ ಅಂತಾನೇ ಗೊತ್ತಾಗಲ್ಲ."

ಅಂಗಡಿಯ ಮುಂದಿನ ಹುಲ್ಲಿನಲ್ಲಿ ದಾರದ ತುದಿಗೆ ಉಣ್ಣೆಯ ಎಳೆ ಕಟ್ಟಿ ಬೀಸಿ ನೋಡುವುದು ಅಲ್ಲಿನ ಪದ್ಧತಿ. ಡೆಲ್ಫಿಯಾ ಬೀಸಿದಳು. ದಾರ ಚೆಂದವಾಗಿ ಹರಿದು ಬಿತ್ತು.

"ಆಯ್ತಲ್ಲ, ಕಟ್ಟಿಸ್ಕೋ," ಎಂದ ಆರ್ವಲ್.

"ಮೀನು ಉಣ್ಣೆ ತಿನ್ನಲ್ಲ." ಅವಳು ಜೇಬಿನ ಡಬ್ಬಿಯಿಂದ ಸೀಸದ ಕಣ್ಣಿನ ಹುಸಿಸೀಗಡಿ ತೆಗೆದಳು.

ಲೋವೆಲ್ ಕೈ ಅಡ್ಡ ಹಿಡಿದ. "ಕೊಕ್ಕೆ ಕಟ್ಟಿ ಇಲ್ಲಿ ಬೀಸೋ ಹಂಗಿಲ್ಲ. ಹೋದ ವರ್ಷ ಪಾದ್ರಿಗಳ ಕಿವಿಗೇ ಸಿಕ್ಕಾಕೊಂಡಿತ್ತು."

"ಪಾದ್ರಿ ಹತ್ತಿರ ಬಂದಿದ್ದು ಯಾಕಂತೆ?" ಎನ್ನುತ್ತಲೇ ಅವಳು ಇಕ್ಕಳದಿಂದ ಕೊಕ್ಕೆಯ ಬಾಗನ್ನು ಕತ್ತರಿಸಿ ಹಾಕಿದಳು. ಹುಸಿಸೀಗಡಿಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿದಳು. ಒದ್ದೆಯಾದಾಗಲೇ ಅದರ ನಿಜವಾದ ತೂಕ. ಆಮೇಲೆ ತೋಟದ ಕೈಗವಸೊಂದನ್ನು ಬಲಗಂಕುಳಲ್ಲಿ ಸಿಕ್ಕಿಸಿಕೊಂಡಳು. ಮೊಣಕೈ ಎದ್ದರೆ ಕೈಗವಸು ಬೀಳುತ್ತದೆ. ಮೂವತ್ತು ಎಸೆತ ಬೀಳದಿದ್ದರೆ ಆ ಕೋಲು ತನ್ನದು ಎಂದುಕೊಂಡಳು.

ಚಾಕುವನ್ನೂ ಅವಳು ಹೀಗೆಯೇ ಆರಿಸುತ್ತಿದ್ದಳು. ಮಾರುವವನು ಹಿಡಿ ನೋಡಿ, ಹೊಳಪು ನೋಡಿ ಅನ್ನುತ್ತಿದ್ದ. ಇವಳು ಕಡಿದು ನೋಡಲು ದನದ ಹೆಪ್ಪುಗಟ್ಟಿದ ಮೊಣಕಾಲ ಮೂಳೆ ತಂದು ಮುಂದಿಡುತ್ತಿದ್ದಳು.

ನಾಲ್ಕನೇ ನಂಬರಿನ ಕೋಲಿನಲ್ಲಿ ಐದನೇ ಎಸೆತಕ್ಕೇ ಕೈಗವಸು ಬಿತ್ತು. ಒದ್ದೆ ಸೀಗಡಿಯನ್ನು ಹೊತ್ತು ಹೋಗುವ ಬಲ ಆ ಕೋಲಿಗಿರಲಿಲ್ಲ. ಆ ಬಲವನ್ನು ಭುಜವೇ ಕೊಡಬೇಕಾಯಿತು.

"ಕೈಗೆ ಹಗುರ ಅಂದ್ರೆ ಭುಜಕ್ಕೆ ಹಗುರ ಅಲ್ಲ ಲೋವೆಲ್. ಇದ್ರಲ್ಲಿ ಮೀನು ಎಳೆಯೋಕೂ ಹೊತ್ತಾಗತ್ತೆ. ಬೇಸಿಗೆಯ ಬೆಚ್ಚನೆ ನೀರಲ್ಲಿ ಸುಸ್ತಾದ ಮೀನು ವಾಪಸ್ ಬಿಟ್ಟರೂ ಬದುಕಲ್ಲ."

ಎಂಟನೇ ನಂಬರಿನದು ಮುಂಗೈ ನೋಯಿಸಿತು. ಆರನೇ ನಂಬರಿನ ಹೊಸ ಕೋಲು, ಲೋವೆಲ್ಲನ ಹೆಮ್ಮೆಯದು, ದೂರಕ್ಕೆ ಬಾಣದಂತೆ ಹೋಯಿತು. ಆದರೆ ಸ್ಪೈಸರ್ ತೊರೆಯಲ್ಲಿ ದೂರಕ್ಕೆ ಏನು ಕೆಲಸ? ಮೀನು ಇರುವುದು ಇಪ್ಪತ್ತೈದು ಅಡಿಯೊಳಗೆ, ಸಿಕಮೋರ್ ಮರದ ಬೇರಿನ ಕೆಳಗೆ. ಅಷ್ಟು ಹತ್ತಿರಕ್ಕೆ ಬೀಸಿದರೆ ಆ ಕೋಲು ಬಾಗುವುದೇ ಇಲ್ಲ. ಹನ್ನೊಂದನೇ ಎಸೆತಕ್ಕೆ ಕೈಗವಸು ಬಿತ್ತು.

"ಮಧ್ಯಾಹ್ನ ಆಯ್ತು," ಎಂದ ಆರ್ವಲ್.

"ಹಸಿವಾದ್ರೆ ಹೋಗು. ಗಾಡಿ ಕೀಲಿ ಇಟ್ಟು ಹೋಗು."

ದೋಣಿಮನೆಯ ಗೋಡೆಗೆ ಒರಗಿದ್ದ ಕೋಲೊಂದು ಆಗ ಅವಳ ಕಣ್ಣಿಗೆ ಬಿತ್ತು. ಅದೂ ಆರನೇ ನಂಬರು, ಎಂಟೂವರೆ ಅಡಿ. ಹಿಡಿಕೆಯ ಬೆಂಡು ಅಲ್ಲಲ್ಲಿ ಕಿತ್ತುಹೋಗಿತ್ತು.

"ಅದು ಮಾರೋದಲ್ಲ, ಮಿಸ್ ಡೆಲ್ಫಿ. ದೋಣಿಗೆ ಬರೋರಿಗೆ ಕೊಡೋ ಬಾಡಿಗೆ ಕೋಲು."

ಅವಳು ಆಗಲೇ ದಾರ ಪೋಣಿಸುತ್ತಿದ್ದಳು. ಬೀಸಿದಾಗ ಕೋಲು ನಡುವಿನವರೆಗೂ ಬಾಗಿತು, ಒಂದು ಗಳಿಗೆ ತಡೆಯಿತು, ಸೀಗಡಿಯನ್ನು ತಾನೇ ಹೊತ್ತು ಹೋಯಿತು. ಕೈ ಬರೀ ದಾರಿ ತೋರಿಸಿದರೆ ಸಾಕಿತ್ತು. ಹತ್ತು. ಇಪ್ಪತ್ತು. ಲೋವೆಲ್ ಕೂಡ ಬಾಯಲ್ಲೇ ಎಣಿಸತೊಡಗಿದ. ಮೂವತ್ತಾಯಿತು. ಕೈಗವಸು ಕಂಕುಳಲ್ಲೇ ಇತ್ತು.

"ಆ ಹೊಸ ಕೋಲಿನ ದುಡ್ಡು ನಾನು ಕೊಡ್ತೀನಿ," ಎಂದಳು ಡೆಲ್ಫಿಯಾ. "ಹೊಸದನ್ನ ನಿನ್ನ ಬಾಡಿಗೆಯೋರಿಗೆ ಇಡು. ಇದು ನಂಗಿರಲಿ."

"ಹೊಸದರ ದುಡ್ಡು ಕೊಟ್ಟು ಹಳೇದು ತಗೋತೀಯಾ? ತಲೆಗೂ ಆಪರೇಷನ್ ಮಾಡಿದ್ರಾ?" ಎಂದು ಆರ್ವಲ್ ಕೂಗಿದ.

"ನೀನು ಬಾಗಿಲು ನೋಡಿ ಹಾಕು. ಅಷ್ಟು ಸಾಕು."

ಲೋವೆಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಚಿಕ್ಕವನಿದ್ದಾಗ ಅವಳ ಕೈಯಿಂದ ಸಾಸೇಜು ತಿಂದು ಬೆಳೆದವನು. ಎದುರಾಡಿ ಗೆಲ್ಲುವಂತಿಲ್ಲವೆಂದು ಅವನಿಗೆ ಗೊತ್ತು. ಕೋಲನ್ನು ಒರೆಸಿ ಚೀಲಕ್ಕೆ ಹಾಕಿ ಕೊಟ್ಟ.

ಕಾಲ ತೆರೆಯುವ ಶನಿವಾರ ಬೆಳಿಗ್ಗೆ ಡೆಲ್ಫಿಯಾ ಹಳೆಯ ಬಟ್ಟೆಬೂಟಿನಲ್ಲೇ ನೀರಿಗಿಳಿದಳು. ಮೂರನೆಯ ಮಡುವಿನಲ್ಲಿ ಕೊಂಬೆಯ ಅಡಿಯಿಂದ ಪಕ್ಕಕ್ಕೆ ಬೀಸಿದಳು. ಸೀಗಡಿ ಬೇರಿನ ಬುಡಕ್ಕೆ ಬಿದ್ದು ಮುಳುಗಿತು. ದಾರ ನಿಂತಿತು, ಆಮೇಲೆ ತೊರೆಯ ಮೇಲ್ಗಡೆಗೆ ಓಡಿತು. ಕೋಲು ಬಾಗಿ ಹಿಡಿಯಿತು. ಮೊಣಕೈ ಪಕ್ಕೆಯಲ್ಲೇ ಇಟ್ಟುಕೊಂಡು ಅವಳು ಬೇಗ ಬೇಗ ಎಳೆದುಕೊಂಡಳು. ಹದಿನಾರು ಇಂಚಿನ ಕಂದು ಬಾಸ್, ಕೆಂಪು ಕಣ್ಣು. ನೀರೊಳಗೇ ಕೊಕ್ಕೆ ಬಿಡಿಸಿದಳು. ಮೀನು ಬಾಲ ಬಡಿದು ಹೋಯಿತು.

"ಬಿಟ್ಟೇ ಬಿಟ್ಯಾ?" ದಂಡೆಯಿಂದ ಆರ್ವಲ್ ಬಡಕೊಂಡ. "ಇಲ್ಲಿ ಎಣ್ಣೆ ಕಾದು ಹೊಗೆ ಬರ್ತಿದೆ!"

"ಆಲೂಗಡ್ಡೆ ಹುರಿ," ಎಂದಳು ಡೆಲ್ಫಿಯಾ, ತಿರುಗಿ ನೋಡದೆ. ಸೆಳವಿಗೆದುರಾಗಿ ಒಂದೊಂದೇ ಹೆಜ್ಜೆ ಊರುತ್ತ ನಾಲ್ಕನೆಯ ಮಡುವಿನ ಕಡೆ ನಡೆದಳು.